ಕೊಂಬು ಸುಡೋದು, ಬೀಜ ಒಡೆಸೋದು, ಮೂಗುದಾರ ಹಾಕೋದು: ದನಗಳ ನೋವಿನ ಬಗ್ಗೆ ರೈತರು ಪದೇ ಪದೇ ಕೇಳೋ ಪ್ರಶ್ನೆಗಳು

ಹಳ್ಳಿ ಕಡೆ ಪಶು ಆಸ್ಪತ್ರೆಯಲ್ಲಿ ಕೆಲ್ಸ ಮಾಡೋ ನಮ್ಮಂಥ ಡಾಕ್ಟ್ರುಗಳ ಹತ್ರ ರೈತರು ಟ್ರೆವಿಸ್ (ದನನ ಅಲುಗಾಡದ ಹಾಗೆ ನಿಲ್ಲಿಸೋ ಕಟ್ಟು) ಪಕ್ಕ ನಿಂತ್ಕೊಂಡು ಕೇಳೋ ಪ್ರಶ್ನೆಗಳನ್ನ ಇಲ್ಲಿ ಸೇರ್ಸಿದೀನಿ. ಕೊಂಬು ಸುಡೋದು ಅಂದ್ರೆ ಕೊಂಬು ಬೆಳೀದ ಹಾಗೆ ಕರುವಿನ ಕೊಂಬಿನ ಮೊಳಕೆನ ಕಾದ ಕಬ್ಬಿಣದಿಂದ ಸುಡೋದು, ಬೀಜ ಒಡೆಸೋದು ಅಂದ್ರೆ ಹೋರಿಯ ವೃಷಣ ಕೆಲ್ಸ ಮಾಡದ ಹಾಗೆ ಮಾಡೋದು. ದೊಡ್ಡ ಆಪರೇಷನ್ ವಿಷ್ಯ ಅಲ್ಲ, ದಿನನಿತ್ಯ ಆಗೋ ಸಣ್ಣ ಕೆಲಸಗಳ ವಿಷ್ಯ, ಸಣ್ಣ ಕೆಲಸ ಅಂತಲೇ ನೋವಿನ ಕಡೆ ಯಾರೂ ತಲೆ ಕೆಡ್ಸ್ಕೊಳಲ್ಲ ಅನ್ನೋದೇ ನನ್ನ ಸಂಕಟ. ಡೋಸ್ ಬರ್ದಿರೋದು ನಿಮಗೆ ತಿಳಿದಿರ್ಲಿ ಅಂತ, ನೀವೇ ಸೂಜಿ ಹಾಕ್ಲಿ ಅಂತ ಅಲ್ಲ.

ದನಗಳಿಗೆ ನಿಜವಾಗ್ಲೂ ಅಷ್ಟು ನೋವಾಗುತ್ತಾ ಡಾಕ್ಟ್ರೇ? ಕೊಂಬು ಸುಟ್ಟು ಬಿಟ್ಟ ತಕ್ಷಣ ಕರು ಓಡಿ ಹೋಗಿ ಹಾಲು ಕುಡಿಯುತ್ತಲ್ಲ?

ಆಗುತ್ತೆ. ನೋವು ಹೊತ್ಕೊಂಡು ಹೋಗೋ ನರಗಳು ಕರುಗೂ ಇವೆ ನಮಗೂ ಇವೆ, ಅದ್ರಲ್ಲಿ ವ್ಯತ್ಯಾಸ ಇಲ್ಲ. ಆದ್ರೆ ದನ, ಕುರಿ, ಮೇಕೆ ಎಲ್ಲಾ ಹುಲಿ ಚಿರತೆಗೆ ಆಹಾರವಾಗಿ ಬೆಳೆದು ಬಂದ ಜೀವಗಳು, ಮಂದೇಲಿ ನಾನು ಕುಂಟ್ತಾ ಇದೀನಿ ಅಂತ ತೋರಿಸ್ಕೊಂಡ್ರೆ ಮೊದಲು ಹೋಗೋದು ಅದೇ, ಹಾಗಾಗಿ ನೋವನ್ನ ಅಡಗಿಸೋದು ಅವುಗಳ ಸ್ವಭಾವ. ನಾಯಿ ಥರ ಕುಂಯ್ ಕುಂಯ್ ಅನ್ನಲ್ಲ. ನೋಡೋಕೆ ಗೊತ್ತಿದ್ರೆ ಕಾಣುತ್ತೆ: ತಲೆ ಒದರ್ತಾನೇ ಇರುತ್ತೆ, ಕಿವಿ ಪಟಪಟ ಬಡಿಯುತ್ತೆ, ಹಿಂಗಾಲಲ್ಲಿ ತಲೆ ಕೆರ್ಕೊಳೋಕೆ ಹೋಗುತ್ತೆ, ಮೆಲುಕು ಹಾಕೋದು ಕಮ್ಮಿ ಆಗುತ್ತೆ, ಹಲ್ಲು ಕಡಿಯುತ್ತೆ, ಬೇರೆ ಕರುಗಳ ಜೊತೆ ಆಟಕ್ಕೆ ಹೋಗಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯವರು 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ನನಗೆ ತುಂಬಾ ನಾಟಿದ್ದು. ಕರುಗಳಿಗೆ ಒಂದು ಬಣ್ಣದ ಸ್ಕ್ರೀನ್ ಹತ್ರ ಹೋದ್ರೆ ಹಾಲು, ಇನ್ನೊಂದು ಬಣ್ಣದ್ದರ ಹತ್ರ ಹೋದ್ರೆ ಹಾಲಿಲ್ಲ ಅಂತ ಕಲಿಸಿದ್ರು, ಒಂದು ಕೆಂಪು ಇನ್ನೊಂದು ಬಿಳಿ. ಆಮೇಲೆ ನಡುವಿನ ಬಣ್ಣಗಳನ್ನ ತೋರಿಸಿದ್ರು, ಅಂದ್ರೆ ಕರುಗೆ ಇದ್ಯಾವುದಪ್ಪಾ ಅಂತ ಅನುಮಾನ ಬರೋ ಥರದ್ದು. ಕೊಂಬು ಸುಡೋದಕ್ಕೆ ಮುಂಚೆ ಏನೋ ಹಾಲು ಸಿಗಬಹುದು ಅಂತ ಹೋಗ್ತಿದ್ದ ಕರುಗಳು ಸುಟ್ಟ ಮೇಲೆ ಹೋಗೋದೇ ಕಮ್ಮಿ ಮಾಡಿದ್ವು. ನೋವು ಬರೀ ತಲೆ ಮೇಲಿನ ಗಾಯದಲ್ಲಿ ಮಾತ್ರ ಇರಲ್ಲ, ಅದರ ಮನಸ್ಸನ್ನೂ ಕುಗ್ಗಿಸುತ್ತೆ ಅಂತ ಅಲ್ಲಿಂದ ಗೊತ್ತಾಯ್ತು. ಹಾಲು ಕುಡೀತು ಅಂದ್ರೆ ಹಸಿವಾಗಿತ್ತು ಅಂತ ಅರ್ಥ, ಅಷ್ಟೇ.

ಎಲ್ಲಾ ಡಾಕ್ಟ್ರೂ ಇದನ್ನೇ ಹೇಳ್ತಾರಾ? ಮುಂಚೆ ಬರ್ತಿದ್ದವರು ಏನೂ ಸೂಜಿ ಕೊಡ್ದೇನೇ ಮಾಡಿ ಹೋಗ್ತಿದ್ರು.

ಇಲ್ಲ, ಎಲ್ರದ್ದೂ ಒಂದೇ ಅಭಿಪ್ರಾಯ ಇಲ್ಲ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಬ್ರಿಟನ್ನಲ್ಲಿ ಹಕ್ಸ್ಲಿ ಮತ್ತು ವೇ ಅನ್ನೋ ಇಬ್ರು ದನದ ಡಾಕ್ಟ್ರುಗಳನ್ನೇ ಕೇಳಿ ಮಾಡಿದ ಸರ್ವೆ 2006ರಲ್ಲಿ ಬಂತು, ಯಾವ ಕೆಲಸಕ್ಕೆ ಎಷ್ಟು ನೋವು ಅಂತ ನಿಮಗನ್ನಿಸುತ್ತೆ ನಂಬರ್ ಕೊಡಿ ಅಂತ. ಒಂದೇ ಕೆಲಸಕ್ಕೆ ಒಬ್ರು ಜಾಸ್ತಿ ಕೊಟ್ರೆ ಇನ್ನೊಬ್ರು ತೀರಾ ಕಮ್ಮಿ ಕೊಟ್ಟಿದ್ರು, ಮತ್ತೆ ಯಾರು ನೋವು ಕಮ್ಮಿ ಅಂತ ಅಂದ್ಕೊಂಡಿದ್ರೋ ಅವ್ರೇ ನೋವಿನ ಔಷಧಿ ಕಮ್ಮಿ ಬಳಸ್ತಿದ್ರು. ಅಂದ್ರೆ ಕರುಗೆ ಇಂಜೆಕ್ಷನ್ ಸಿಗುತ್ತೋ ಇಲ್ವೋ ಅನ್ನೋದು ಕರು ನೋವಿಗಿಂತ ಡಾಕ್ಟ್ರ ನಂಬಿಕೆ ಮೇಲೆ ನಿಂತಿತ್ತು. ನಮ್ಮಲ್ಲೂ ಇದೇ ಪರಿಸ್ಥಿತಿ ಅಂತ ನನಗನ್ಸುತ್ತೆ.

ಹಳಬರಲ್ಲಿ ಇನ್ನೊಂದು ಮಾತಿತ್ತು, ನೋವು ಸ್ವಲ್ಪ ಇರ್ಲಿ, ಇದ್ರೆ ದನ ಓಡಾಡ್ದೆ ಸುಮ್ನೆ ನಿಲ್ಲುತ್ತೆ ಗಾಯ ಬೇಗ ಮಾಯುತ್ತೆ ಅಂತ. ಇದನ್ನ ಇವತ್ತು ಒಪ್ಪೋಕಾಗಲ್ಲ. ಓಡಾಡಬಾರ್ದು ಅಂದ್ರೆ ಕಟ್ಟಾಕಿ, ಅದಕ್ಕೆ ಹಗ್ಗ ಇದೆ. ನೋವಲ್ಲಿರೋ ದನ ಮೇವು ತಿನ್ನಲ್ಲ, ನೀರು ಕುಡಿಯಲ್ಲ, ಒಳಗೆ ಕಾರ್ಟಿಸೋಲ್ ಅನ್ನೋ ಒತ್ತಡದ ಹಾರ್ಮೋನು ಏರಿ ರೋಗನಿರೋಧಕ ಶಕ್ತಿ ಕುಗ್ಗುತ್ತೆ, ಗಾಯ ಮಾಯೋದು ಇನ್ನೂ ತಡ ಆಗುತ್ತೆ. ಹಳಬರನ್ನ ಬೈಯೋಕೆ ಹೇಳ್ತಿಲ್ಲ, ಅವರ ಕಾಲದಲ್ಲಿ ದನಕ್ಕೆ ಅಂತ ಹೆಚ್ಚು ಹೊತ್ತು ಕೆಲಸ ಮಾಡೋ ನೋವಿನ ಔಷಧಿಗಳೇ ಕೈಗೆ ಸಿಗ್ತಿರ್ಲಿಲ್ಲ.

ಕೊಂಬು ಸುಡ್ಸೋಕೆ ಸರಿಯಾದ ವಯಸ್ಸು ಯಾವ್ದು?

ಮೊದಲು ಸುಡ್ಸೋದು ಬೇಕಾ ಅಂತ ಯೋಚ್ನೆ ಮಾಡಿ. ಹಳ್ಳಿಕಾರ್, ಅಮೃತಮಹಲ್, ಖಿಲಾರಿಗೆ ಕೊಂಬೇ ಅಂದ, ಅದನ್ನ ಯಾರೂ ಸುಡ್ಸಲ್ಲ. ಈ ಪ್ರಶ್ನೆ ಬರೋದು ಕೋಲಾರ, ಮಂಡ್ಯ, ಬೆಂಗಳೂರು ಸುತ್ತಮುತ್ತ ಹತ್ತಿಪ್ಪತ್ತು ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅಥ್ವಾ ಜರ್ಸಿ ಕ್ರಾಸ್ ಹಸುಗಳನ್ನ ಒಂದೇ ಕೊಟ್ಟಿಗೆಲಿ ಬಿಟ್ಟು ಸಾಕೋರಿಗೆ, ಅಲ್ಲಿ ಒಂದಕ್ಕೊಂದು ತಿವ್ಕೊಂಡು ಕೆಚ್ಚಲು ಹರ್ಕೊಳೋದು ನಿಜವಾದ ಸಮಸ್ಯೆ. ಹುಟ್ಟುತ್ತಲೇ ಕೊಂಬಿಲ್ಲದ ತಳಿಯ ಹೋರಿಗಳ ವೀರ್ಯ ಈಗ ಪ್ರಪಂಚದಲ್ಲಿ ಇದೆ, ಅದು ನಮ್ಮಲ್ಲಿ ಸುಲಭವಾಗಿ ಸಿಗೋ ಹಾಗಾದ್ರೆ ಈ ಪ್ರಶ್ನೇನೇ ಬೇಡ.

ಮಾಡಿಸ್ಲೇಬೇಕು ಅಂದ್ರೆ ಎರಡು ತಿಂಗಳೊಳಗೆ, ಅದೂ ಮೊದಲ ಕೆಲವು ವಾರದಲ್ಲೇ ಮಾಡಿಸಿದ್ರೆ ಒಳ್ಳೇದು. ಎರಡು ತಿಂಗಳವರೆಗೂ ಕೊಂಬಿನ ಮೊಳಕೆ ಚರ್ಮದಲ್ಲಿ ಮಾತ್ರ ಇರುತ್ತೆ, ಬೆರಳಲ್ಲಿ ಮುಟ್ಟಿದ್ರೆ ಜರುಗುತ್ತೆ. ಆಮೇಲೆ ತಲೆಬುರುಡೆಗೆ ಅಂಟ್ಕೊಳುತ್ತೆ. ದೊಡ್ಡದಾದ ಮೇಲೆ ಕೊಂಬಿನ ಒಳಗೆ ಹಣೆಯ ಟೊಳ್ಳು ಬಂದು ಸೇರಿರುತ್ತೆ, ಆಗ ಕೊಯ್ದ್ರೆ ನೇರ ಸೈನಸ್ಸೇ ತೆರ್ಕೊಳುತ್ತೆ, ರಕ್ತ ಚಿಲುಮೆ ಥರ ಹಾರುತ್ತೆ, ನೊಣ ಕೂತು ಹುಳ ಬೀಳುತ್ತೆ, ತಿಂಗಳುಗಟ್ಲೆ ಗೋಳು. ಆದ್ರೆ ಎಳೇ ಕರು ಅಂತ ಅರಿವಳಿಕೆ ಬೇಡ ಅನ್ನೋದು ತಪ್ಪು. ಎಳೇ ವಯಸ್ಸಲ್ಲಿ ಗಾಯ ಚಿಕ್ಕದು, ನೋವು ಚಿಕ್ಕದಲ್ಲ. ಕಾಯಿಸಿದ ಕಬ್ಬಿಣದಿಂದ ಆದ ಸುಟ್ಟ ಗಾಯ ಪೂರ್ತಿ ಮಾಯೋಕೆ ಸುಮಾರು ಎರಡು ತಿಂಗಳೇ ಹಿಡಿಯುತ್ತೆ.

ಮರಗಟ್ಟೋ ಇಂಜೆಕ್ಷನ್ ಎಲ್ಲಿ ಕೊಡ್ತೀರಾ? ಒಂದ್ಸಲ ಕೊಟ್ರೂ ಕರು ಒದ್ದಾಡ್ತಿತ್ತು, ಕೆಲಸ ಮಾಡಿಲ್ಲ ಅನ್ಸುತ್ತೆ.

ಕೊಡೋದು ಲಿಗ್ನೋಕೇನ್ ಎರಡು ಪರ್ಸೆಂಟ್, ನಿಮ್ಮ ಹಲ್ಲು ಕೀಳೋವಾಗ ಡೆಂಟಿಸ್ಟ್ ಕೊಡೋ ಔಷಧಿನೇ. ಕರು ಕಣ್ಣಿನ ಹೊರ ಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಬೆರಳಾಡ್ಸಿದ್ರೆ ಎಲುಬಿನ ಒಂದು ಏಣು ಸಿಗುತ್ತೆ, ಅದರ ಕೆಳಗೇ ಕೊಂಬಿನ ನರ ಹೋಗೋದು. ಅಲ್ಲಿ ಒಂದೊಂದು ಕಡೆ ಮೂರರಿಂದ ಐದು ಎಂಎಲ್, ದೊಡ್ಡ ದನಕ್ಕೆ ಐದರಿಂದ ಹತ್ತು. ಸುಮಾರು ಸಲ ಆ ಕಡೆ ಮೇಲಿನ ರೆಪ್ಪೆ ಜೋತು ಬೀಳುತ್ತೆ, ಅದು ಔಷಧಿ ಸರಿಯಾದ ಜಾಗದ ಹತ್ರ ಬಿದ್ದಿದೆ ಅನ್ನೋದಕ್ಕೆ ಗುರುತು, ಹೆದರ್ಕೋಬೇಡಿ, ಆಮೇಲೆ ಸರಿ ಹೋಗುತ್ತೆ.

ಕೆಲಸ ಮಾಡಿಲ್ಲ ಅನ್ನೋ ದೂರಲ್ಲಿ ಹೆಚ್ಚಿನವು ಔಷಧಿ ತಪ್ಪಲ್ಲ, ಅವಸರದ ತಪ್ಪು. ಲಿಗ್ನೋಕೇನ್ ನರದೊಳಗೆ ಇಳಿಯೋಕೆ ಐದರಿಂದ ಹತ್ತು ನಿಮಿಷ ಬೇಕು. ಸೂಜಿ ತೆಗೆದ ಕೂಡ್ಲೇ ಕಾದ ಕಬ್ಬಿಣ ಇಟ್ರೆ ಕೊಟ್ಟೂ ಕೊಡದ ಹಾಗೇ, ಮೇಲಾಗಿ ಸೂಜಿ ನೋವೊಂದು ಎಕ್ಸ್ಟ್ರಾ. ಒಂದು ಬೆಳಿಗ್ಗೆ ಆರು ಕರು ಮಾಡೋದಿದ್ರೆ ಎಲ್ಲಾ ಆರಕ್ಕೂ ಸಾಲಾಗಿ ಇಂಜೆಕ್ಷನ್ ಕೊಟ್ಟು ಮುಗಿಸಿ, ಮತ್ತೆ ಮೊದಲನೇದರ ಹತ್ರ ಬನ್ನಿ, ಟೈಮೂ ಹಾಳಾಗಲ್ಲ. ಸುಡೋ ಮುಂಚೆ ಕೊಂಬಿನ ಸುತ್ತ ಸೂಜಿ ಮೊನೆಯಿಂದ ಚುಚ್ಚಿ ನೋಡ್ಬೇಕು, ಕರು ತಲೆ ಎಳ್ಕೊಂಡ್ರೆ ಇನ್ನೂ ಆಗಿಲ್ಲ ಅಂತ, ಕಾಯಿರಿ ಇಲ್ಲ ಇನ್ನೊಂದಿಷ್ಟು ಕೊಡಿ ಅಂತ. ನಿಮ್ಮ ಡಾಕ್ಟ್ರು ಕಾಯ್ತಾ ನಿಂತಿದ್ರೆ ಬೇಗ ಮುಗ್ಸಿ ಸಾರ್ ಅಂತ ದಯವಿಟ್ಟು ಹೇಳ್ಬೇಡಿ. ಕರುಗೆ ಒಳ್ಳೇದಾಗೋದು ಆ ಹತ್ತು ನಿಮಿಷದಲ್ಲೇ. ಇನ್ನೊಂದು ವಿಷ್ಯ, ಕರುನ ಹಿಡ್ದು ಒತ್ತೋದಕ್ಕೂ ಹೆದರಿ ಸ್ವಲ್ಪ ಕೊಸರಾಡುತ್ತೆ, ಅದೂ ನೋವೇ ಅಂತ ಅಲ್ಲ, ಚುಚ್ಚಿ ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ.

ಮರಗಟ್ಸಿದ ಮೇಲೂ ಇನ್ನೊಂದು ನೋವಿನ ಇಂಜೆಕ್ಷನ್ ಯಾಕೆ?

ಲಿಗ್ನೋಕೇನ್ ಇರೋದು ಒಂದು ಒಂದೂವರೆ ಗಂಟೆ, ಹೆಚ್ಚಂದ್ರೆ ಎರಡು. ನಾವು ಬೈಕ್ ಹತ್ತಿ ಹೋದ ಮೇಲೆ, ನೀವು ಬೇರೆ ಕೆಲ್ಸಕ್ಕೆ ಹೋದ ಮೇಲೆ ಅದು ಇಳಿಯುತ್ತೆ, ಆಗ ಸುಟ್ಟ ಗಾಯದ ಉರಿ ಶುರು. ಕಾರ್ಟಿಸೋಲ್ ಅಳೆದು ನೋಡಿದ ಪ್ರಯೋಗಗಳಲ್ಲೂ ಇದೇ ಕಾಣುತ್ತೆ, ಅರಿವಳಿಕೆ ಇರೋ ತನಕ ಕೆಳಗಿದ್ದು, ಇಳಿದ ಮೇಲೆ ಮೇಲೇರುತ್ತೆ. ಅದಕ್ಕೇ ಮೆಲಾಕ್ಸಿಕಾಂ ಕೊಡೋದು, ಒಂದು ಕೆಜಿ ತೂಕಕ್ಕೆ ಅರ್ಧ ಮಿಲಿಗ್ರಾಂ ಲೆಕ್ಕ, ಅಂದ್ರೆ ಐವತ್ತು ಕೆಜಿ ಕರುಗೆ ಇಪ್ಪತ್ತೈದು ಮಿಲಿಗ್ರಾಂ. ದನದ ಮೈಯಲ್ಲಿ ಇದು ನಿಧಾನಕ್ಕೆ ಖಾಲಿಯಾಗುತ್ತೆ, ಅರ್ಧ ಇಳಿಯೋಕೇ ಒಂದು ದಿನದ ಮೇಲೆ ಬೇಕು, ಹಾಗಾಗಿ ಒಂದೇ ಇಂಜೆಕ್ಷನ್‌ಗೆ ಮಾರನೇ ದಿನದವರೆಗೂ ಆಸರೆ ಸಿಗುತ್ತೆ. ಸುಡೋದಕ್ಕೆ ಮುಂಚೆನೇ ಕೊಟ್ರೆ ಇನ್ನೂ ಚೆನ್ನ.

ಒಂದು ಸುಡೋ ಹೊತ್ತಿನ ನೋವಿಗೆ, ಇನ್ನೊಂದು ಸುಟ್ಟ ಮೇಲಿನ ನೋವಿಗೆ. ಒಂದು ಕೊಟ್ಟು ಇನ್ನೊಂದು ಬಿಟ್ರೆ ಅರ್ಧ ಕೆಲಸ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಇಲ್ದೇ ಕೊಂಬು ಸುಡೋಕೇ ಹೋಗಬಾರ್ದು, ಇದ್ರಲ್ಲಿ ರಾಜಿ ಇಲ್ಲ.

ಸುಡೋದು ಬೇಡ, ಪೇಸ್ಟ್ ಹಚ್ಚಿದ್ರೆ ನೋವಿಲ್ಲ ಅಂತಾರಲ್ಲ?

ಹೊಗೆ ಬರಲ್ಲ, ಕರು ಕಿರುಚಲ್ಲ, ಅದಕ್ಕೆ ಹಾಗನ್ಸುತ್ತೆ. ಪೇಸ್ಟಲ್ಲಿರೋದು ಕಾಸ್ಟಿಕ್, ಅದೂ ಸುಡೋದೇ, ನಿಧಾನಕ್ಕೆ ಗಂಟೆಗಟ್ಲೆ ಸುಡುತ್ತೆ. ಮಳೆ ಬಿದ್ರೆ ಕಣ್ಣಿಗಿಳಿಯುತ್ತೆ, ತಾಯಿ ಹತ್ರ ಬಿಟ್ರೆ ಕೆಚ್ಚಲಿಗೆ ತಾಗಿ ಅದಕ್ಕೂ ಗಾಯ. ಹಚ್ಚೋದೇ ಆದ್ರೆ ಹುಟ್ಟಿದ ಮೊದಲ ದಿನಗಳಲ್ಲಿ, ಸುತ್ತ ವ್ಯಾಸಲಿನ್ ಬಳಿದು, ಕರುನ ಬೇರೆ ಕಟ್ಟಿ, ಇದಕ್ಕೂ ಲಿಗ್ನೋಕೇನ್ ಮೆಲಾಕ್ಸಿಕಾಂ ಎರಡೂ ಕೊಟ್ಟು.

ಮೆಡಿಕಲ್ ಸ್ಟೋರಲ್ಲಿ ಡೈಕ್ಲೋ ಸಿಗುತ್ತಲ್ಲ, ಅದನ್ನೇ ದನಕ್ಕೆ ಹಾಕಿದ್ರೆ ಏನು?

ಹಾಕಂಗಿಲ್ಲ. 2006ರಲ್ಲೇ ಭಾರತದಲ್ಲಿ ಡೈಕ್ಲೋಫೆನಾಕ್ ಅನ್ನೋ ಈ ನೋವಿನ ಔಷಧಿನ ಪ್ರಾಣಿಗಳಿಗೆ ಬಳಸೋದು ನಿಷೇಧ ಆಗಿದೆ. ಕಾರಣ ರಣಹದ್ದು. ಡೈಕ್ಲೋ ಕೊಟ್ಟ ದನ ಸತ್ತು, ಆ ಹೆಣ ತಿಂದ ಹದ್ದುಗಳ ಕಿಡ್ನಿ ಹೋಗಿ ದೇಶದಲ್ಲಿ ರಣಹದ್ದು ಸಂತತಿನೇ ಬಹುಪಾಲು ಅಳಿಸಿ ಹೋಯ್ತು. ಜನರು ಮನುಷ್ಯರ ದೊಡ್ಡ ಬಾಟ್ಲಿ ತಂದು ದನಕ್ಕೆ ಹಾಕ್ತಾರೆ ಅಂತ 2015ರಲ್ಲಿ ಮನುಷ್ಯರ ಇಂಜೆಕ್ಷನ್ನೂ ಮೂರು ಎಂಎಲ್ ಸಣ್ಣ ಪ್ಯಾಕಿಗೆ ಇಳಿಸಿದ್ರು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗೂ ಪ್ರಾಣಿ ಬಳಕೆಗೆ ನಿಷೇಧ ಬಂತು, ಆಮೇಲೆ ನಿಮೆಸುಲೈಡ್‌ಗೂ. ನಮ್ಮ ರಾಮನಗರದ ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಅಂತ ಘೋಷಣೆ ಮಾಡಿದಾರೆ, ಅಲ್ಲಿ ಉಳ್ದಿರೋ ಬೆರಳೆಣಿಕೆ ಹದ್ದುಗಳಿಗೆ ಸುತ್ತಲ ಊರಿನ ಕೊಟ್ಟಿಗೆಲಿ ಯಾವ ಔಷಧಿ ಹಾಕ್ತೀವಿ ಅನ್ನೋದೇ ಜೀವ ಮರಣದ ಪ್ರಶ್ನೆ. ಮೆಲಾಕ್ಸಿಕಾಂ, ಟಾಲ್ಫೆನಾಮಿಕ್ ಆಸಿಡ್ ಎರಡೂ ಹದ್ದಿಗೆ ಸುರಕ್ಷಿತ ಅಂತ ಪರೀಕ್ಷೆ ಮಾಡಿ ನೋಡಿದಾರೆ. ಇದು ದನಕ್ಕೂ ಒಳ್ಳೇ ಔಷಧಿನೇ, ಹಾಗಿರೋವಾಗ ಇನ್ನೊಂದರ ಕಡೆ ಕೈ ಹಾಕೋ ಅಗತ್ಯ ಏನಿದೆ.

ಹಾಗೇ ಒಂದು ಎಚ್ಚರಿಕೆ: ನೋವಿಗೆ ಅಂತ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಹಾಕಿ ಹೋಗೋ ನಕಲಿ ಡಾಕ್ಟ್ರುಗಳಿದಾರೆ. ಗಬ್ಬದ ಹಸುಗೆ ಕೊನೇ ತಿಂಗಳುಗಳಲ್ಲಿ ಅದು ಬಿದ್ರೆ ಕಂದು ಹಾಕುತ್ತೆ.

ಹೋರಿ ಬೀಜ ಒಡ್ಸೋವಾಗ ರಕ್ತನೇ ಬರಲ್ಲ, ಅದಕ್ಕೂ ಅರಿವಳಿಕೆ ಬೇಕಾ?

ಬೇಕು. ರಕ್ತ ಬರಲ್ಲ ಅನ್ನೋದು ಬರ್ಡಿಜೋ ಇಕ್ಕಳದ ಗುಣ, ನೋವಾಗಲ್ಲ ಅಂತ ಅಲ್ಲ. ಚರ್ಮ ಹರಿಯದ ಹಾಗೆ ಒಳಗೆ ಬೀಜಕ್ಕೆ ಹೋಗೋ ಹುರಿಯನ್ನ, ಅದರ ರಕ್ತನಾಳ ನರ ಸಮೇತ ಅರೆದು ಬಿಡುತ್ತೆ. ಅರೆಯೋ ಆ ಕ್ಷಣದಲ್ಲಿ ಹೋರಿ ಬೆನ್ನು ಬಿಲ್ಲಿನಂತೆ ಮಾಡೋದನ್ನ ನೋಡಿದೋರಿಗೆ ಬೇರೆ ಸಾಕ್ಷಿ ಬೇಡ. ಹುರಿ ಹತ್ರ ಮತ್ತೆ ಚೀಲದ ಕುತ್ತಿಗೆ ಚರ್ಮದಡಿ ಲಿಗ್ನೋಕೇನ್ ಕೊಟ್ಟು, ಕಾದು, ಒಂದೊಂದು ಹುರಿನ ಬೇರೆ ಬೇರೆಯಾಗಿ ಹಿಡಿದು ಅರೀಬೇಕು. ಎರಡನ್ನೂ ಒಟ್ಟಿಗೆ ಹಿಡಿದು ಅಡ್ಡಕ್ಕೆ ಒಂದೇ ಸಲ ಒತ್ತಿದ್ರೆ ಚೀಲಕ್ಕೆ ರಕ್ತ ಹೋಗೋದು ನಿಂತು ಚರ್ಮನೇ ಕೊಳೆತು ಬೀಳೋ ಅಪಾಯ ಇದೆ. ಮುಂಚೆನೇ ಮೆಲಾಕ್ಸಿಕಾಂ ಕೊಟ್ಟಿದ್ರೆ ಊತನೂ ಕಮ್ಮಿ.

ವಯಸ್ಸಿನ ವಿಷ್ಯದಲ್ಲಿ ಡಾಕ್ಟ್ರಿಗೂ ರೈತರಿಗೂ ಜಗಳ ಇರೋದೇ. ಬೇಗ ಒಡೆಸಿದ್ರೆ ಕತ್ತು ಡುಬ್ಬ ಬಲಿಯಲ್ಲ, ಎತ್ತು ನೊಗಕ್ಕೆ ಚೆನ್ನಾಗಿರಲ್ಲ ಅಂತ ಎರಡು ವರ್ಷ ದಾಟೋವರೆಗೂ ಕಾಯ್ತಾರೆ, ಉಳುಮೆ ಎತ್ತಿನ ವಿಷ್ಯದಲ್ಲಿ ಆ ಮಾತಲ್ಲಿ ಹುರುಳಿದೆ, ನಾನು ತಳ್ಳಿ ಹಾಕಲ್ಲ. ಆದ್ರೆ ಬೆಳೆದ ಹೋರಿಗೆ ಹುರಿ ದಪ್ಪ, ನೋವು ಜಾಸ್ತಿ, ಊತ ಜಾಸ್ತಿ. ತಡ ಮಾಡಿದಷ್ಟೂ ಅರಿವಳಿಕೆ ಬಿಡೋ ಹಾಗೇ ಇಲ್ಲ. ಉಳುಮೆಗಲ್ಲ, ಸುಮ್ನೆ ಸಾಕೋದಕ್ಕೆ ಅಂದ್ರೆ ಚಿಕ್ಕದಿರೋವಾಗ್ಲೇ ಮಾಡಿಸಿಬಿಡಿ. ಬ್ರಿಟನ್ನಲ್ಲಂತೂ ಎರಡು ತಿಂಗಳು ದಾಟಿದ ಕರುಗೆ ಅರಿವಳಿಕೆ ಇಲ್ದೆ ಇದನ್ನ ಮಾಡೋ ಹಾಗೇ ಇಲ್ಲ, ಕಾನೂನು. ಕಲ್ಲಲ್ಲಿ ಜಜ್ಜೋ ಹಳೇ ಪದ್ಧತಿ ಇನ್ನೂ ಎಲ್ಲಾದ್ರೂ ನಡೀತಿದ್ರೆ ಅದು ಹಿಂಸೆ, ಬೇರೆ ಹೆಸರಿಲ್ಲ.

ಮೂಗುದಾರ ಹಾಕೋದಕ್ಕೂ ಡಾಕ್ಟ್ರನ್ನ ಕರೀಬೇಕಾ?

ಕರೆದ್ರೆ ಒಳ್ಳೇದು. ದನದ ಮೈಯಲ್ಲಿ ಅತೀ ಸೂಕ್ಷ್ಮ ಜಾಗಗಳಲ್ಲಿ ಮೂಗು ಒಂದು, ಅದಕ್ಕೇ ಅಲ್ಲಿ ಹಗ್ಗ ಕಟ್ಟಿದ್ರೆ ಅಂಥಾ ಹೋರಿನೂ ಮಾತು ಕೇಳೋದು. ಎರಡು ಹೊಳ್ಳೆ ನಡುವಿನ ಗೋಡೆಲಿ ಮುಂದುಗಡೆ ಮೆತ್ತಗಿರೋ ಜಾಗ ಇದೆ, ಅಲ್ಲಿ ಮರಗಟ್ಸಿ ಶುದ್ಧವಾದ ಚೂಪಾದ ಸಲಕರಣೆಯಿಂದ ಚುಚ್ಬೇಕು, ಹಿಂದಿರೋ ಗಟ್ಟಿ ಮೃದ್ವಸ್ಥಿಗೆ ಚುಚ್ಚಿದ್ರೆ ಹುಣ್ಣಾಗಿ ಮಾಯೋದೇ ಇಲ್ಲ. ಹಾಲು ಕರೆಯೋ ಸಾಧು ಹಸುಗಳಿಗೆ ಮೂಗುದಾರನೇ ಬೇಡ, ಮುಖಕ್ಕೆ ಹಾಕೋ ಹಾಲ್ಟರ್ ಸಾಕು.

ಊತ ಬಂದ್ರೆ, ಕಾಲು ಬಾಯಿ ರೋಗ ಬಂದ್ರೆ ನಮ್ಮಲ್ಲಿ ಬರೆ ಹಾಕ್ತಾರೆ. ಅದ್ರಿಂದ ಉಪಯೋಗ ಇದ್ಯಾ?

ಇಲ್ಲ. ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಕಾಲು ಬಾಯಿ ಜ್ವರ ವೈರಸ್ಸಿಂದ ಬರೋದು, ಮೈ ಸುಟ್ರೆ ವೈರಸ್ ಹೋಗಲ್ಲ. ಹೆಚ್ಚಿನ ದನ ತಾನಾಗೇ ಸುಧಾರಿಸ್ಕೊಳುತ್ತೆ, ಬರೆ ಹಾಕಿದ್ರಿಂದ ವಾಸಿ ಆಯ್ತು ಅಂತ ನಂಬಿಕೆ ಉಳ್ಕೊಂಡಿದೆ. ಆಗಲೇ ಜ್ವರದಲ್ಲಿರೋ ದನಕ್ಕೆ ಸುಟ್ಟ ಗಾಯ, ಅದಕ್ಕೆ ಹುಳ, ತೊಗಲೂ ಹಾಳು. ಲಸಿಕೆ ಹಾಕ್ಸಿ.

ಕಿವಿಯೋಲೆ ಹಾಕೋವಾಗ ನೋವಾಗಲ್ವಾ? ಅದಕ್ಕೆ ಯಾಕೆ ಏನೂ ಕೊಡಲ್ಲ?

ಆಗುತ್ತೆ, ಆದ್ರೆ ಕ್ಷಣದ್ದು. ಹನ್ನೆರಡು ಅಂಕಿಯ ಗುರುತಿನ ಓಲೆ ಹಾಕೋವಾಗ ಕಿವಿ ನಡುವೆ, ಎರಡು ರಕ್ತನಾಳಗಳ ಮಧ್ಯೆ ಸರಿಯಾಗಿ ಒಂದೇ ಏಟಿಗೆ ಹಾಕಿದ್ರೆ ಅರಿವಳಿಕೆ ಸೂಜಿ ನೋವು ಮತ್ತೆ ಇದು ಹೆಚ್ಚುಕಮ್ಮಿ ಸಮ ಆಗುತ್ತೆ, ಹಾಗಾಗಿ ಬಹುತೇಕ ಡಾಕ್ಟ್ರುಗಳು ಇದಕ್ಕೆ ಲಿಗ್ನೋಕೇನ್ ಬೇಕಿಲ್ಲ ಅಂತಾರೆ, ನಾನೂ ಒಪ್ತೀನಿ. ಇಲ್ಲಿ ಮುಖ್ಯ ಶುಚಿ. ಕೀವಾದ್ರೆ ಆ ನೋವು ವಾರಗಟ್ಲೆ.

ಮೇಕೆ ಮರಿಗೂ ಕರು ಥರಾನೇ ಮಾಡಬಹುದಾ?

ಹುಷಾರು. ಮೇಕೆ ಚಿಕ್ಕ ಕರು ಅಲ್ಲ. ಕರುಗೆ ಒಂದು ನರ ಮರಗಟ್ಸಿದ್ರೆ ಸಾಕು, ಮೇಕೆ ಕೊಂಬಿಗೆ ಎರಡು ನರ ಬರುತ್ತೆ, ಒಂದು ಕಣ್ಣಿನ ಹೊರಗಡೆಯಿಂದ ಒಂದು ಒಳಗಡೆಯಿಂದ. ಲಿಗ್ನೋಕೇನ್ ಒಂದು ಕೆಜಿಗೆ ಐದು ಮಿಲಿಗ್ರಾಂ ದಾಟಬಾರ್ದು, ಲೆಕ್ಕ ಹಾಕಿ ನೋಡಿ, ನಾಲ್ಕು ಕೆಜಿ ಮರಿಗೆ ಎರಡು ಪರ್ಸೆಂಟ್ ಔಷಧಿ ಒಟ್ಟಾರೆ ಒಂದು ಎಂಎಲ್ ಅಷ್ಟೇ. ಕರು ಲೆಕ್ಕದಲ್ಲಿ ಹತ್ತು ಎಂಎಲ್ ಹಾಕಿದ್ರೆ ಫಿಟ್ಸ್ ಬಂದು ಸತ್ತೇ ಹೋಗುತ್ತೆ. ಅದಕ್ಕೇ ನೀರಿನ ಇಂಜೆಕ್ಷನ್ ಬೆರೆಸಿ ತೆಳು ಮಾಡಿ ನಾಲ್ಕು ಜಾಗಕ್ಕೆ ಹಂಚ್ತೀವಿ. ಬುರುಡೆನೂ ತೆಳ್ಳಗೆ, ಕಬ್ಬಿಣ ಎರಡು ಸೆಕೆಂಡ್ ಜಾಸ್ತಿ ಇಟ್ರೆ ಮೆದುಳಿಗೇ ಬಿಸಿ ತಾಗುತ್ತೆ. ಹೊರಗೆ ಮೇಯಿಸೋ ಮೇಕೆಗೆ ಕೊಂಬು ಹಾಗೇ ಬಿಡಿ ಅನ್ನೋದೇ ನನ್ನ ಸಲಹೆ. ಕುರಿ ಬಾಲ ಕತ್ತರಿಸೋದು ಉಣ್ಣೆ ಜಾಸ್ತಿ ಇರೋ ಮೆರಿನೋ ಥರದ ತಳಿಯೋರು ಮಾಡೋದು, ನಮ್ಮ ಬಂಡೂರು ಕುರಿಗೆ ಅದರ ಗೊಡವೆನೇ ಬೇಡ. ರಬ್ಬರ್ ರಿಂಗ್ ಹಾಕಿ ಬೀಜ ಉದುರಿಸೋದಾದ್ರೆ ಧನುರ್ವಾಯು ಲಸಿಕೆ ಮರೀಬೇಡಿ.

ಮಲಗ್ಸೋ ಇಂಜೆಕ್ಷನ್ ಕೊಟ್ಟುಬಿಟ್ರೆ ಎಲ್ಲಾ ಸುಲಭ ಅಲ್ವಾ?

ಅದು ಕ್ಸೈಲಜೀನ್. ಮಂಪರು ಬರ್ಸುತ್ತೆ, ಸ್ವಲ್ಪ ನೋವೂ ತಗ್ಗಿಸುತ್ತೆ, ಆದ್ರೆ ಅದೊಂದೇ ಕೊಟ್ಟು ಕೊಯ್ಯೋದು ಸರಿಯಲ್ಲ, ದನ ಒದೆಯಲ್ಲ ಅಷ್ಟೇ, ನೋವು ಗೊತ್ತಾಗುತ್ತೆ. ಲಿಗ್ನೋಕೇನ್ ಜೊತೆಗೆ ಬೇಕೇ ಬೇಕು. ದನಕ್ಕೆ ಇದು ತುಂಬಾ ಹತ್ತುತ್ತೆ, ಕುದುರೆಗೆ ಕೊಡೋದರ ಹತ್ತನೇ ಒಂದು ಭಾಗ ಸಾಕು. ಹೊಟ್ಟೆ ಉಬ್ಬರ ಆಗಬಹುದು, ಮೇವು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಹೋಗಬಹುದು, ಗಬ್ಬದ ಕೊನೇ ತಿಂಗಳಲ್ಲಿ ಕಂದು ಹಾಕೋ ಭಯ ಇದೆ. ಗಬ್ಬ ಇದ್ರೆ ಮೊದಲೇ ಹೇಳಿ. ದೊಡ್ಡ ದನಕ್ಕೆ ಹಿಂದಿನ ದಿನದಿಂದ ಮೇವು ನಿಲ್ಲಿಸೋಕೆ ಹೇಳಿದ್ರೆ ಪಾಪ ಹಸಿದಿರುತ್ತೆ ಅಂತ ಕದ್ದು ಹುಲ್ಲು ಹಾಕ್ಬೇಡಿ.

ಗೊರಸು ಕತ್ತರಿಸೋದು, ಲಾಳ, ಕೊಂಬು ಹೆರೆಯೋದು?

ಮೂರೂ ನಮ್ಮ ಉಗುರು ಕತ್ತರಿಸಿದ ಹಾಗೆ, ಸತ್ತ ಪದರದಲ್ಲಿ ನಿಂತ್ರೆ ನೋವಿಲ್ಲ, ಜೀವ ಇರೋ ಪದರ ಮುಟ್ಟಿದ್ರೆ ಪ್ರಾಣ ಹೋಗೋ ನೋವು. ಜಾತ್ರೆಗೆ ಮುಂಚೆ ಕೊಂಬು ತೆಳ್ಳಗೆ ಕಾಣ್ಲಿ ಅಂತ ರಕ್ತ ಜಿನುಗೋವರೆಗೂ ಹೆರೆಸೋರಿದಾರೆ, ಅದು ಬೇಡ. ಗೊರಸಲ್ಲಿ ಹುಣ್ಣಿದ್ದು ಆಳಕ್ಕೆ ಕೆತ್ಬೇಕು ಅಂದ್ರೆ ಕಾಲಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತನಾಳಕ್ಕೇ ಲಿಗ್ನೋಕೇನ್ ಕೊಡ್ತೀವಿ, ಪಟ್ಟಿಯಿಂದ ಕೆಳಗೆ ಪೂರ್ತಿ ಮರಗಟ್ಟುತ್ತೆ, ತುಂಬಾ ಒಳ್ಳೇ ವಿಧಾನ, ಹಳ್ಳಿಲೂ ಆರಾಮಾಗಿ ಆಗುತ್ತೆ.

ನೋವಿನ ಇಂಜೆಕ್ಷನ್ ಕೊಟ್ರೆ ಡೈರಿಗೆ ಹಾಲು ಹಾಕಬಹುದಾ?

ಕರುಗೆ ಈ ಪ್ರಶ್ನೆ ಇಲ್ಲ. ಕರೆಯೋ ಹಸುಗೆ ಇದೆ. ಬಾಟ್ಲಿ ಮೇಲೆ ಎಷ್ಟು ದಿನ ಹಾಲು ಬಿಡಬೇಕು ಅಂತ ಬರೆದಿರುತ್ತೆ, ಯುರೋಪಿನ ಲೇಬಲ್ಲಲ್ಲಿ ಮೆಲಾಕ್ಸಿಕಾಂಗೆ ಐದು ದಿನ ಅಂತಿದೆ. ಆ ಹಾಲನ್ನ ಡೈರಿಗೂ ಹಾಕ್ಬೇಡಿ ಮನೇಗೂ ಬಳಸ್ಬೇಡಿ. ನಷ್ಟ ಆಗುತ್ತೆ ಅಂತ ಗೊತ್ತು, ಅದಕ್ಕೇ ಇಂಥಾ ಕೆಲಸಗಳನ್ನ ಸಾಧ್ಯವಾದಷ್ಟು ಕರು, ಕಡಸು ವಯಸ್ಸಲ್ಲೇ ಮುಗಿಸಿ ಅನ್ನೋದು.

ಇದಕ್ಕೆಲ್ಲಾ ಕಾನೂನು ಏನಾದ್ರೂ ಇದ್ಯಾ?

ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಲ್ಲಿ ಕೊಂಬು ತೆಗೆಯೋದು, ಬೀಜ ಒಡೆಯೋದು, ಮುದ್ರೆ ಹಾಕೋದು, ಮೂಗುದಾರ ಇವಕ್ಕೆ ನಿಗದಿ ಮಾಡಿದ ವಿಧಾನದಲ್ಲಿ ಮಾಡಿದ್ರೆ ವಿನಾಯ್ತಿ ಅಂತಿತ್ತು, ಆದ್ರೆ ಆ ವಿಧಾನ ಏನು ಅಂತ ನಿಯಮ ಬಂದಿದ್ದು 2023ರಲ್ಲಿ. ಈಗ ನೋಂದಾಯಿತ ಪಶುವೈದ್ಯರೇ ಅರಿವಳಿಕೆ ಕೊಟ್ಟು ಮಾಡ್ಬೇಕು. ಅರವತ್ತು ವರ್ಷದ ಮೇಲೆ ಬಂದಿದೆ, ಬಂದಿದ್ದು ಒಳ್ಳೇದಾಯ್ತು, ಆದ್ರೆ ಡಾಕ್ಟ್ರ ಹುದ್ದೆ ಖಾಲಿ ಬಿದ್ದಿರೋ ಕಡೆ ರೈತ ಯಾರನ್ನ ಕರೀಬೇಕು ಅನ್ನೋದಕ್ಕೂ ಸರ್ಕಾರ ಉತ್ತರ ಕೊಡ್ಬೇಕು. ಸದ್ಯಕ್ಕೆ 1962ಕ್ಕೆ ಫೋನ್ ಮಾಡಿದ್ರೆ ಸಂಚಾರಿ ಪಶು ಚಿಕಿತ್ಸಾಲಯದ ವಾಹನ ಬರುತ್ತೆ. ಕರುಗಳಿದ್ರೆ ಅಕ್ಕಪಕ್ಕದ ಮನೆಯೋರೆಲ್ಲಾ ಸೇರಿ ಒಂದೇ ದಿನ ಮಾಡಿಸ್ಕೊಳಿ, ಎಲ್ರಿಗೂ ಅನುಕೂಲ.

ಖರ್ಚು ಜಾಸ್ತಿ ಆಗುತ್ತಲ್ಲ?

ಒಂದು ಕರುಗೆ ಬೇಕಾಗೋ ಲಿಗ್ನೋಕೇನ್ ಬೆಲೆ ಹೆಚ್ಚುಕಮ್ಮಿ ಒಂದು ಲೀಟರ್ ಹಾಲಿನ ದುಡ್ಡಿನೊಳಗೇ ಮುಗಿಯುತ್ತೆ, ಮೆಲಾಕ್ಸಿಕಾಂ ಸ್ವಲ್ಪ ಮೇಲೆ. ಮುಂದೆ ಹತ್ತು ವರ್ಷ ಹಾಲು ಕೊಡೋ ಹಸು ಅದು.

ಮಾಡ್ಸಿ ಮನೆಗೆ ಕರ್ಕೊಂಡು ಬಂದ ಮೇಲೆ ಏನು ನೋಡ್ಬೇಕು?

ಅವತ್ತು ಸಂಜೆ ಹಾಲು ಕುಡೀತಾ, ಮಾರನೇ ದಿನ ಮೆಲುಕು ಹಾಕ್ತಾ ನೋಡಿ. ಗಾಯಕ್ಕೆ ಅರಿಶಿನ ಎಣ್ಣೆ ಸಗಣಿ ಬೂದಿ ಅಂತ ಏನೂ ಮೆತ್ತಬೇಡಿ, ನೊಣ ಕೂರದ ಹಾಗೆ ಸ್ಪ್ರೇ ಕೊಟ್ಟಿದ್ರೆ ಅದನ್ನ ಹೊಡೀರಿ ಸಾಕು. ಮಳೆಗಾಲದಲ್ಲಿ ನೊಣ ಜಾಸ್ತಿ, ಆಗ ಮಾಡಿಸ್ದೇ ಇರೋದೇ ವಾಸಿ. ಎರಡು ಮೂರು ದಿನ ಆದ್ಮೇಲೂ ಕರು ತಲೆ ಬಗ್ಗಿಸ್ಕೊಂಡು ಮೂಲೇಲಿ ನಿಂತಿದ್ರೆ, ಕೀವು ವಾಸನೆ ಬಂದ್ರೆ, ಹೋರಿ ಚೀಲದ ಊತ ದಿನದಿನಕ್ಕೆ ಏರ್ತಾ ಹೋದ್ರೆ, ಮೈ ಬಿಸಿ ಇದ್ರೆ ಫೋನ್ ಮಾಡಿ, ಮೆಲಾಕ್ಸಿಕಾಂ ಇನ್ನೊಂದು ಡೋಸ್ ಬೇಕಾಗಬಹುದು, ಆಂಟಿಬಯೋಟಿಕ್ ಬೇಕಾಗಬಹುದು. ಇಷ್ಟಕ್ಕೆಲ್ಲಾ ಡಾಕ್ಟ್ರಿಗೆ ಫೋನ್ ಮಾಡೋದಾ ಅಂತ ಸಂಕೋಚ ಪಡ್ಬೇಡಿ, ಇಷ್ಟಕ್ಕೇ ಮಾಡ್ಬೇಕಾಗಿರೋದು.